ಪ್ರಮಾಣವಚನದಲ್ಲಿ ರಾಷ್ಟ್ರಪತಿ, ಆಜ್ಞೆಯ ಹಿಂದೆ ಯಾರು?

ಪ್ರಶ್ನೆ: ನಾನು ಬ್ರಹ್ಮಾವರದವನು, ಬ್ಯಾಂಕಿನಿಂದ ನಿವೃತ್ತನಾದವನು. ನನ್ನ ಸೋದರಳಿಯ ಭೂಸೇನೆಗೆ ಸೇರಿದ್ದಾನೆ. ಬೆಳಗಾವಿಯಲ್ಲಿ ನಡೆದ ಅವನ ಕಸಮ್ ಪರೇಡಿಗೆ ಮನೆಯವರೆಲ್ಲ ಹೋಗಿದ್ದೆವು. ರಾಷ್ಟ್ರಪತಿಯವರ ಎಲ್ಲ ಆಜ್ಞೆಗಳನ್ನು ಪ್ರಾಣ ಹೋದರೂ ಪಾಲಿಸುತ್ತೇನೆ ಎಂದು ಹುಡುಗರು ಪ್ರಮಾಣ ಮಾಡಿದರು. ಹಾಗಿದ್ದರೆ ರಾಷ್ಟ್ರಪತಿಯವರು ಪ್ರಧಾನಿಯನ್ನು ಕೇಳದೆ ಸೇನೆಗೆ ನೇರವಾಗಿ ಆಜ್ಞೆ ಕೊಡಬಹುದೇ? ಅಮೆರಿಕದ ಅಧ್ಯಕ್ಷರು ಕೊಡುತ್ತಾರಲ್ಲ? ನಮ್ಮವರ ಕೈ ಕಟ್ಟಿ ಹಾಕಿರುವುದು ದೇಶದ ರಕ್ಷಣೆಗೆ ತೊಡಕಲ್ಲವೇ?

ಉತ್ತರ: ಕೊಡಲಾಗದು. ಸಂವಿಧಾನದ 53ನೆಯ ವಿಧಿಯ ಎರಡನೆಯ ಖಂಡವು ರಕ್ಷಣಾ ಪಡೆಗಳ ಸರ್ವೋಚ್ಚ ದಂಡನಾಯಕತ್ವವನ್ನು ರಾಷ್ಟ್ರಪತಿಯವರಲ್ಲಿ ನೆಲೆಗೊಳಿಸುತ್ತದೆ ಎಂಬುದು ನಿಜ. ಆದರೆ ಅದೇ ವಾಕ್ಯ ಮುಗಿಯುವ ಮೊದಲೇ, ಆ ದಂಡನಾಯಕತ್ವದ ಚಲಾವಣೆಯು ಕಾನೂನಿನಿಂದ ನಿಯಂತ್ರಿತವಾಗಿರತಕ್ಕದ್ದು ಎಂದೂ ಹೇಳುತ್ತದೆ. ಕಾನೂನು ಮಾಡುವುದು ಸಂಸತ್ತು. 1950ರ ಭೂಸೇನಾ ಕಾಯಿದೆ ಮತ್ತು ವಾಯುಪಡೆ ಕಾಯಿದೆ, 1957ರ ನೌಕಾಪಡೆ ಕಾಯಿದೆ ಇವೆಲ್ಲ ಆ ಮಾತಿನ ಪ್ರಕಾರವೇ ನಿಂತಿವೆ. ಇದರ ಮೇಲೆ 74ನೆಯ ವಿಧಿ ಇದೆ. ಪ್ರಧಾನಿ ಮುಖ್ಯಸ್ಥರಾಗಿರುವ ಮಂತ್ರಿಮಂಡಲದ ಸಲಹೆಯಂತೆಯೇ ರಾಷ್ಟ್ರಪತಿಯವರು ನಡೆಯಬೇಕೆಂದು ಅದು ವಿಧಿಸುತ್ತದೆ. 1976ರ 42ನೆಯ ತಿದ್ದುಪಡಿಗೆ ಮುಂಚೆ ಇದು ಅಷ್ಟು ಬಿಚ್ಚುಮಾತಿನಲ್ಲಿ ಇರಲಿಲ್ಲ. ಆದರೂ 1955ರ ರಾಮ್ ಜವಾಯಾ ಕಪೂರ್ ಪ್ರಕರಣದಲ್ಲಿಯೂ, 1974ರ ಶಂಷೇರ್ ಸಿಂಗ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠದಲ್ಲಿಯೂ ಸುಪ್ರೀಂ ಕೋರ್ಟ್ ಇದೇ ಅರ್ಥವನ್ನು ಹೇಳಿತ್ತು. 1978ರ 44ನೆಯ ತಿದ್ದುಪಡಿ ರಾಷ್ಟ್ರಪತಿಯವರಿಗೆ ಒಂದು ಸಣ್ಣ ಅವಕಾಶವನ್ನು ಕೊಟ್ಟಿತು: ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು, ಎರಡನೆಯ ಸಲ ಬಂದದ್ದಕ್ಕೆ ಒಪ್ಪಲೇಬೇಕು.

ನಮ್ಮ ಕಡೆಯ ದೇವಸ್ಥಾನದ ಉದಾಹರಣೆ ಇಲ್ಲಿ ನೆರವಾಗಬಹುದು. ಉಂಬಳಿ ಗದ್ದೆಯ ಪಹಣಿಯಲ್ಲಿ ದೇವರ ಹೆಸರೇ ಇರುತ್ತದೆ. ಕಾಗದಪತ್ರಕ್ಕೆ ಸಹಿ ಹಾಕುವವರು ಆಡಳಿತ ಮೊಕ್ತೇಸರರು, ಲೆಕ್ಕ ಒಪ್ಪಿಸಬೇಕಾದದ್ದು ಊರವರಿಗೆ. ದೇವರ ಹೆಸರಿದ್ದ ಮಾತ್ರಕ್ಕೆ ಅದು ಬರಿಯ ಹೆಸರೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ಆ ಹೆಸರೇ ಮೊಕ್ತೇಸರರು ಗದ್ದೆಯನ್ನು ಸ್ವಂತದ್ದೆಂದು ತಿಳಿಯದಂತೆ ತಡೆಯುವ ಕಟ್ಟು. (ಹೋಲಿಕೆಯನ್ನು ಹೆಚ್ಚು ಎಳೆಯುವಂತಿಲ್ಲ, ದೇವರು ಕಡತವನ್ನು ಮರುಪರಿಶೀಲನೆಗೆ ಕಳುಹಿಸುವುದಿಲ್ಲ, ಮೈಮೇಲೆ ದೇವರು ಬಂದು ನುಡಿಯುವ ದರ್ಶನ ಪಾತ್ರಿಯ ಮಾತು ಬೇರೆ.) ಸೇನೆಯ ವಿಷಯದಲ್ಲಿಯೂ ಹಾಗೆಯೇ: ದಂಡನಾಯಕತ್ವ ಇರುವುದು ರಾಷ್ಟ್ರಪತಿಯವರ ಹೆಸರಿನಲ್ಲಿ, ಆದ್ದರಿಂದ ಸೇನೆ ಯಾವ ಪಕ್ಷದ್ದೂ ಅಲ್ಲ, ಯಾವ ಪ್ರಧಾನಿಯದ್ದೂ ಅಲ್ಲ. ತೀರ್ಮಾನ ಇರುವುದು ಮಂತ್ರಿಮಂಡಲದ ಕೈಯಲ್ಲಿ, ಆದ್ದರಿಂದ ಕೇಳಿದಾಗ ಲೋಕಸಭೆಗೆ ಉತ್ತರ ಕೊಡುವವರು ಒಬ್ಬರಿರುತ್ತಾರೆ.

ಈ ವ್ಯವಸ್ಥೆ ಕಾಗದದಿಂದ ಒಮ್ಮೆಗೇ ಎದ್ದು ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ ಕಮಾಂಡರ್ ಇನ್ ಚೀಫ್ ಎನ್ನುವವರು ಸೇನೆಯ ಮುಖ್ಯಸ್ಥರಷ್ಟೇ ಅಲ್ಲದೆ ವೈಸರಾಯರ ಕಾರ್ಯಕಾರಿ ಮಂಡಳಿಯ ಸದಸ್ಯರೂ ಆಗಿದ್ದರು. ಅಂದರೆ ಕತ್ತಿ ಹಿಡಿದವರೇ ಕತ್ತಿಯ ಬಗ್ಗೆ ತೀರ್ಮಾನ ಮಾಡುವ ಸಭೆಯಲ್ಲಿಯೂ ಕುಳಿತಿದ್ದರು. 1946ರ ಸೆಪ್ಟೆಂಬರಿನಲ್ಲಿ ಮಧ್ಯಂತರ ಸರ್ಕಾರ ಬಂದಾಗ ರಕ್ಷಣಾ ಖಾತೆ ಬಲದೇವ್ ಸಿಂಗ್ ಅವರಿಗೆ ಹೋಯಿತು. ಸ್ವಾತಂತ್ರ್ಯದ ನಂತರ ದೆಹಲಿಯಲ್ಲಿ ಕಮಾಂಡರ್ ಇನ್ ಚೀಫರು ವಾಸವಾಗಿದ್ದ ಭವನವು ಪ್ರಧಾನಿ ನೆಹರೂ ಅವರ ನಿವಾಸವಾಯಿತು; ಅದೇ ತೀನ್ ಮೂರ್ತಿ ಭವನ. ಇಂಥ ಸಂಕೇತಗಳನ್ನು ಸಿಪಾಯಿಗಳು ನಮಗಿಂತ ಚೆನ್ನಾಗಿ ಓದುತ್ತಾರೆ. 1955ರಲ್ಲಿ ಸಂಸತ್ತು ಒಂದು ಪುಟ್ಟ ಕಾಯಿದೆಯ ಮೂಲಕ ಕಮಾಂಡರ್ ಇನ್ ಚೀಫ್ ಎಂಬ ಪದನಾಮವನ್ನೇ ತೆಗೆದುಹಾಕಿ, ಮೂರೂ ಪಡೆಗಳಿಗೆ ಮೂರು ಸಮಾನ ಮುಖ್ಯಸ್ಥರನ್ನು ಇರಿಸಿತು.

ಘಟ್ಟ ಹತ್ತಿದರೆ ಸಿಗುವ ಕೊಡಗಿನ ಇಬ್ಬರು ಈ ಕಥೆಯಲ್ಲಿ ಬರುತ್ತಾರೆ. 1949ರ ಜನವರಿ 15ರಂದು ಕೆ.ಎಂ. ಕಾರ್ಯಪ್ಪ ಅವರು ಬ್ರಿಟಿಷ್ ಅಧಿಕಾರಿಯಿಂದ ಸೇನೆಯ ಹೊಣೆಯನ್ನು ವಹಿಸಿಕೊಂಡ ಮೊದಲ ಭಾರತೀಯರು. ಹತ್ತು ವರ್ಷಗಳ ನಂತರ, 1959ರ ಆಗಸ್ಟ್ ಕೊನೆಯಲ್ಲಿ, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗೆ ಹೊಂದಾಣಿಕೆಯಾಗದೆ ಭೂಸೇನಾ ಮುಖ್ಯಸ್ಥ ಜನರಲ್ ಕೆ.ಎಸ್. ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಅವರು ಮನವೊಲಿಸಿದ ಮೇಲೆ ಹಿಂತೆಗೆದುಕೊಂಡರು. ನಂತರ ಸಂಸತ್ತಿನಲ್ಲಿ ನೆಹರೂ ಅವರು ನಾಗರಿಕ ಅಧಿಕಾರವೇ ಮೇಲೆಂದೂ, ಆದರೆ ಅದು ತಜ್ಞರ ಸಲಹೆಗೆ ತಕ್ಕ ಬೆಲೆ ಕೊಡಬೇಕೆಂದೂ ಹೇಳಿದರು. ಮೊದಲ ಅರ್ಧವನ್ನು ದೆಹಲಿ ಚೆನ್ನಾಗಿ ನೆನಪಿಟ್ಟುಕೊಂಡಿತು. ಎರಡನೆಯ ಅರ್ಧವನ್ನು ಮರೆತದ್ದಕ್ಕೆ ಏನು ಬೆಲೆ ತೆರಬೇಕಾಯಿತೆಂಬುದನ್ನು 1962ರ ಚೀನಾ ಯುದ್ಧ ತೋರಿಸಿತು ಎಂಬುದು ನನ್ನ ಅಭಿಪ್ರಾಯ. ಸೇನೆಯ ಮೇಲೆ ನಾಗರಿಕರ ಹಿಡಿತ ಎಂದರೆ ಸೈನಿಕರ ಬಾಯಿ ಮುಚ್ಚಿಸುವುದಲ್ಲ. ಕೊನೆಯ ಮಾತು ಯಾರದು ಎಂಬುದಷ್ಟೇ ಅದರ ಪ್ರಶ್ನೆ.

ಆ ಕೊನೆಯ ಮಾತು ಎಷ್ಟು ಹರಿತವಾಗಿರಬಹುದು ಎಂಬುದಕ್ಕೆ ಮಂಗಳೂರಿನ ಸಂಬಂಧವಿರುವ ಪ್ರಸಂಗವೊಂದಿದೆ. 1998ರ ಡಿಸೆಂಬರ್ 30ರಂದು, ನಮ್ಮ ಊರಿನಲ್ಲಿಯೇ ಹುಟ್ಟಿ ಬೆಳೆದ ಜಾರ್ಜ್ ಫರ್ನಾಂಡಿಸ್ ರಕ್ಷಣಾ ಸಚಿವರಾಗಿದ್ದಾಗ, ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು ಸೇವೆಯಿಂದ ವಜಾ ಮಾಡಲಾಯಿತು. ಉಪಮುಖ್ಯಸ್ಥರ ಹುದ್ದೆಯೊಂದಕ್ಕೆ ಸಂಪುಟದ ನೇಮಕಾತಿ ಸಮಿತಿ ಒಬ್ಬರನ್ನು ನೇಮಿಸಿತ್ತು. ಆ ಆದೇಶ ಜಾರಿಗೆ ಯೋಗ್ಯವಲ್ಲವೆಂದು ಅಡ್ಮಿರಲ್ ಪಟ್ಟು ಹಿಡಿದಿದ್ದರು. ಕಾಲೇಜು ತೆರೆದ ಮೇಲೆ ನನ್ನ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ, ಒಬ್ಬ ಗುಮಾಸ್ತನನ್ನು ತೆಗೆಯಬೇಕಾದರೂ ನೋಟಿಸು, ವಿಚಾರಣೆ ಎಲ್ಲ ಬೇಕು, ಅಡ್ಮಿರಲ್‌ಗೆ ಏಕೆ ಬೇಡ ಎಂದು ಕೇಳಿದ್ದ. ಸರಿಯಾದ ಪ್ರಶ್ನೆಯೇ. ಉತ್ತರ 310 ಮತ್ತು 311ನೆಯ ವಿಧಿಗಳ ನಡುವಿನ ಅಂತರದಲ್ಲಿದೆ: ಸರ್ಕಾರಿ ಸೇವಕರೆಲ್ಲರೂ ರಾಷ್ಟ್ರಪತಿ ಇಲ್ಲವೇ ರಾಜ್ಯಪಾಲರ ಇಚ್ಛೆ ಇರುವವರೆಗೆ ಸೇವೆಯಲ್ಲಿರುತ್ತಾರೆ, ಆದರೆ ವಿಚಾರಣೆಯಿಲ್ಲದೆ ವಜಾ ಮಾಡಬಾರದೆಂಬ 311ರ ರಕ್ಷಣೆ ಸೇನಾ ಸೇವೆಯವರಿಗೆ ಅನ್ವಯಿಸುವುದಿಲ್ಲ. ಇಲ್ಲಿ ‘ರಾಷ್ಟ್ರಪತಿಯವರ ಇಚ್ಛೆ’ ಎಂದರೆ ಅಂದಿನ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರ ಸ್ವಂತ ಇಷ್ಟಾನಿಷ್ಟವಲ್ಲ, ವಾಜಪೇಯಿ ಸಂಪುಟದ ತೀರ್ಮಾನ. ಆ ತೀರ್ಮಾನ ವಿವೇಕದ್ದೋ ಅಲ್ಲವೋ ಎಂಬ ಬಗ್ಗೆ ಅಂದು ಊರೆಲ್ಲ ಎರಡಾಗಿತ್ತು. ಅಧಿಕಾರ ಇತ್ತೇ ಎಂಬ ಬಗ್ಗೆ ಸಂಶಯವಿರಲಿಲ್ಲ. ನೌಕಾನೆಲೆಯೊಂದರಲ್ಲಿಯೂ ಒಂದು ಅಪಸ್ವರ ಏಳದೆ ಹೊಸ ಮುಖ್ಯಸ್ಥರು ಅಧಿಕಾರ ವಹಿಸಿಕೊಂಡದ್ದೇ ನನ್ನ ದೃಷ್ಟಿಯಲ್ಲಿ ಆ ಪ್ರಸಂಗದ ದೊಡ್ಡ ಸಂಗತಿ.

ಇನ್ನು ಅಮೆರಿಕ. ಇಂಗ್ಲಿಷಿನಲ್ಲಿ ಇಬ್ಬರಿಗೂ ಪ್ರೆಸಿಡೆಂಟ್ ಎಂಬ ಒಂದೇ ಹೆಸರು. ನಮ್ಮ ಪತ್ರಿಕೆಗಳು ಒಬ್ಬರನ್ನು ರಾಷ್ಟ್ರಪತಿ ಎಂದೂ ಇನ್ನೊಬ್ಬರನ್ನು ಅಧ್ಯಕ್ಷ ಎಂದೂ ಕರೆಯುತ್ತ ಬಂದಿರುವುದರಿಂದ ಕನ್ನಡ ಓದುಗರಿಗೆ ಅರ್ಧ ಗೊಂದಲ ಮೊದಲೇ ಕಳೆದಿದೆ. ಅಮೆರಿಕದ ಅಧ್ಯಕ್ಷರು ನಿಜವಾಗಿಯೂ ಆಜ್ಞೆ ಕೊಡುತ್ತಾರೆ. 1951ರ ಏಪ್ರಿಲ್ 11ರಂದು ಅಧ್ಯಕ್ಷ ಟ್ರೂಮನ್ ಅವರು ಕೊರಿಯಾ ಯುದ್ಧದ ನಡುವೆಯೇ ಜನರಲ್ ಮ್ಯಾಕ್‌ಆರ್ಥರ್ ಅವರನ್ನು ಮನೆಗೆ ಕಳುಹಿಸಿದರು. ಆದರೆ ಅಲ್ಲಿನ ಸಂವಿಧಾನವನ್ನು ಬರೆದವರು ದಂಡನಾಯಕನನ್ನು ಎಷ್ಟು ನಂಬಿದರೋ ಅಷ್ಟೇ ಶಂಕಿಸಿದರು ಕೂಡ. 1788ರಲ್ಲಿ ಆ ಸಂವಿಧಾನವನ್ನು ಸಮರ್ಥಿಸುತ್ತ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅವರು, ಯುದ್ಧ ಸಾರುವುದು, ಸೇನೆ ಕಟ್ಟುವುದು ಬ್ರಿಟಿಷ್ ದೊರೆಯ ಅಧಿಕಾರವಾಗಿದ್ದರೆ ನಮ್ಮಲ್ಲಿ ಅವೆರಡೂ ಶಾಸನಸಭೆಗೆ ಸೇರಿದವು, ಅಧ್ಯಕ್ಷರು ಬರಿಯ ಮೊದಲ ಸೇನಾನಿ ಎಂಬರ್ಥದಲ್ಲಿ ಬರೆದರು. ಸೇನೆಯ ಶಿಸ್ತಿನ ನಿಯಮಗಳನ್ನು ಮಾಡುವುದು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು. ಭೂಸೇನೆಗೆಂದು ಹಣ ಮಂಜೂರು ಮಾಡಿದರೆ ಅದು ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಇರಕೂಡದು. ಉಡುಪಿಯಲ್ಲಿ ಪರ್ಯಾಯದ ಅವಧಿಯೂ ಎರಡೇ ವರ್ಷ. ಕಾರಣ ಬೇರೆ ಬೇರೆ, ಆದರೆ ಅವಧಿ ಮುಗಿದೊಡನೆ ಕೀಲಿಕೈ ಒಪ್ಪಿಸಿ ಎದ್ದು ನಿಲ್ಲಬೇಕೆಂಬ ಶಿಸ್ತು ನಮಗೆ ಹೊಸದೇನಲ್ಲ.

ಅಧ್ಯಕ್ಷರ ಆಜ್ಞೆ ಕಾನೂನನ್ನು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ನಾನು ತರಗತಿಯಲ್ಲಿ ಮೊದಲು ಹೇಳುತ್ತಿದ್ದದ್ದು ಒಂದು ಹಡಗಿನ ಕಥೆಯನ್ನು. ಮಲ್ಪೆ, ಗಂಗೊಳ್ಳಿ ಕಡೆಯ ಮಕ್ಕಳಿಗೆ ಅದು ಬೇಗ ಹಿಡಿಸುತ್ತಿತ್ತು. 1799ರಲ್ಲಿ ಫ್ರಾನ್ಸಿನೊಂದಿಗೆ ವೈಮನಸ್ಯವಿದ್ದಾಗ, ಫ್ರೆಂಚ್ ಬಂದರುಗಳಿಗೆ ಹೋಗುತ್ತಿರುವ ಅಮೆರಿಕದ ಹಡಗುಗಳನ್ನು ಹಿಡಿಯಬಹುದೆಂದು ಕಾಂಗ್ರೆಸ್ ಕಾನೂನು ಮಾಡಿತು. ಅಧ್ಯಕ್ಷ ಜಾನ್ ಆಡಮ್ಸ್ ಅವರ ಸರ್ಕಾರ ನೌಕಾಪಡೆಗೆ ಕೊಟ್ಟ ಆಜ್ಞೆಯಲ್ಲಿ ಮಾತ್ರ, ಹೋಗುವ ಹಡಗು ಮಾತ್ರವಲ್ಲ, ಬರುವ ಹಡಗನ್ನೂ ಹಿಡಿಯಿರಿ ಎಂದಿತ್ತು. ಕ್ಯಾಪ್ಟನ್ ಲಿಟಲ್ ಎಂಬವರು ಫ್ರೆಂಚ್ ಬಂದರಿನಿಂದ ಬರುತ್ತಿದ್ದ ‘ಫ್ಲೈಯಿಂಗ್ ಫಿಶ್’ ಎಂಬ ಹಡಗನ್ನು ಹಿಡಿದರು. ಅದು ಡೆನ್ಮಾರ್ಕಿನವರದ್ದೆಂದು ಆಮೇಲೆ ತಿಳಿಯಿತು. 1804ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅವರ ಪೀಠವು, ಅಧ್ಯಕ್ಷರ ಆಜ್ಞೆಯು ಕಾನೂನುಬಾಹಿರ ಕೃತ್ಯವನ್ನು ಕಾನೂನುಬದ್ಧವಾಗಿಸಲಾರದು, ಆದ್ದರಿಂದ ಕ್ಯಾಪ್ಟನ್ನರೇ ನಷ್ಟ ತುಂಬಿಕೊಡಬೇಕು ಎಂದು ತೀರ್ಪಿತ್ತಿತು. ಮೇಲಿನವರು ಹೇಳಿದ್ದನ್ನು ಮಾಡಿದವರ ತಲೆಗೇ ದಂಡ ಬಿತ್ತಲ್ಲ ಎಂದು ಮಕ್ಕಳು ಮರುಗುತ್ತಿದ್ದರು. ಮಾರ್ಷಲ್ ಅವರಿಗೂ ಮೊದಲು ಕನಿಕರವೇ ಇತ್ತೆಂದು ತೀರ್ಪಿನಲ್ಲಿಯೇ ಒಪ್ಪಿಕೊಂಡಿದ್ದಾರೆ. ಆದರೆ ಆಜ್ಞೆ ಎಂಬುದು ಕಾನೂನಿಗೆ ಬದಲಿಯಾದರೆ, ಎಷ್ಟು ಕಾನೂನು ಮಾಡಿದರೂ ಪ್ರಯೋಜನವಿಲ್ಲ.

ಮ್ಯಾಕ್‌ಆರ್ಥರ್ ಅವರನ್ನು ತೆಗೆದುಹಾಕಿದ ಅದೇ ಟ್ರೂಮನ್ ಅವರಿಗೆ ಮರುವರ್ಷ ಕೋರ್ಟಿನಿಂದ ಪೆಟ್ಟು ಬಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರವಾದರೆ ಕೊರಿಯಾದಲ್ಲಿರುವ ಸೈನಿಕರಿಗೆ ಮದ್ದುಗುಂಡು ನಿಲ್ಲುತ್ತದೆ ಎಂಬ ಕಾರಣ ಕೊಟ್ಟು ಅವರು 1952ರ ಏಪ್ರಿಲಿನಲ್ಲಿ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಜೂನ್ 2ರಂದು ಸುಪ್ರೀಂ ಕೋರ್ಟ್ ಆರು ಮತ್ತು ಮೂರರ ಬಹುಮತದಿಂದ ಅದನ್ನು ರದ್ದು ಮಾಡಿತು. ಕಾಂಗ್ರೆಸ್ಸಿನ ಒಪ್ಪಿಗೆಯಿದ್ದಾಗ ಅಧ್ಯಕ್ಷರ ಬಲ ಅತ್ಯಧಿಕ, ಅದು ಮೌನವಾಗಿದ್ದಾಗ ಮಬ್ಬು, ಅದರ ಇಚ್ಛೆಗೆ ವಿರುದ್ಧ ಹೋದಾಗ ಅತಿ ಕನಿಷ್ಠ ಎಂಬ ನ್ಯಾಯಮೂರ್ತಿ ಜಾಕ್ಸನ್ ಅವರ ವಿಂಗಡಣೆಯನ್ನು ಇಂದಿಗೂ ವಕೀಲರು ಅಳತೆಗೋಲಾಗಿ ಬಳಸುತ್ತಾರೆ. ಟ್ರೂಮನ್ ಅವರು ತೀರ್ಪಿಗೆ ತಲೆಬಾಗಿ ಕಾರ್ಖಾನೆಗಳನ್ನು ಹಿಂದಿರುಗಿಸಿದರು. ಸೇನೆಯ ದಂಡನಾಯಕರೆಂದ ಮಾತ್ರಕ್ಕೆ ಅವರು ದೇಶದ ದಂಡನಾಯಕರಲ್ಲ.

ಇಷ್ಟಾದರೂ ಯುದ್ಧದ ತೀರ್ಮಾನ ಮೆಲ್ಲಮೆಲ್ಲನೆ ಅಧ್ಯಕ್ಷರ ಕೈಗೇ ಜಾರಿದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅಮೆರಿಕದ ಕಾಂಗ್ರೆಸ್ ಔಪಚಾರಿಕವಾಗಿ ಯುದ್ಧ ಸಾರಿದ್ದು 1942ರಲ್ಲೇ ಕೊನೆ. ಕೊರಿಯಾ, ವಿಯೆಟ್ನಾಂ ಯಾವುದಕ್ಕೂ ಘೋಷಣೆಯಿರಲಿಲ್ಲ. ವಿಯೆಟ್ನಾಮಿನ ಪಾಠದಿಂದ 1973ರಲ್ಲಿ, ನಿಕ್ಸನ್ ಅವರ ವೀಟೋವನ್ನು ಮೀರಿ, ಕಾಂಗ್ರೆಸ್ ಒಂದು ನಿರ್ಣಯವನ್ನು ಕಾನೂನಾಗಿಸಿತು: ಸೇನೆಯನ್ನು ಕಾಳಗಕ್ಕೆ ಇಳಿಸಿದರೆ 48 ಗಂಟೆಯೊಳಗೆ ವರದಿ ಕೊಡಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಗಳಲ್ಲಿ ನಿಲ್ಲಿಸಬೇಕು, ವಾಪಸಾತಿಗೆ ಬೇಕಿದ್ದರೆ ಇನ್ನೂ 30 ದಿನ. ಅಂದಿನಿಂದ ಬಂದ ಅಧ್ಯಕ್ಷರು, ಪಕ್ಷ ಯಾವುದೇ ಇರಲಿ, ಅದರ ಸುತ್ತ ದಾರಿ ಹುಡುಕಿದ್ದಾರೆ. ಬೇಲಿ ಇದೆ, ತಡಮೆ ತೆರೆದೇ ಇದೆ.

ನೀವು ಬ್ಯಾಂಕಿನಲ್ಲಿ ಇದ್ದವರಾದ್ದರಿಂದ ನಿಮ್ಮ ಮೂರನೆಯ ಪ್ರಶ್ನೆಗೆ ನಿಮ್ಮಲ್ಲಿಯೇ ಉತ್ತರವಿದೆ. ಸ್ಟ್ರಾಂಗ್ ರೂಮಿನ ಎರಡು ಬೀಗದ ಕೈಗಳು ಒಬ್ಬರ ಬಳಿ ಇರಬಾರದೆಂಬ ಜಾಯಿಂಟ್ ಕಸ್ಟಡಿ ನಿಯಮ ಮಾಡಿದ್ದು ಮ್ಯಾನೇಜರರು ಕಳ್ಳರೆಂದಲ್ಲ. ಗಿರಾಕಿ ಕಾದು ನಿಂತಾಗ ಎರಡನೆಯ ಕೈ ಇರುವವರು ಬರುವ ತನಕ ಕಿರಿಕಿರಿಯಾಗುವುದೂ ಸುಳ್ಳಲ್ಲ. ಆ ಕಿರಿಕಿರಿಯೇ ಭದ್ರತೆ. ಸೇನೆಯ ಮೇಲೆ ನಾಗರಿಕರ ಹಿಡಿತವಿರಬೇಕು ಎಂದು ಹೇಳುವಾಗ ಜನ ಸಾಮಾನ್ಯವಾಗಿ ಸಮವಸ್ತ್ರವಿಲ್ಲದ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಅದೇ ತಪ್ಪು ಎಂದು ನನಗನಿಸುತ್ತದೆ. ಚುನಾಯಿತನಾದ ಒಬ್ಬನೇ ವ್ಯಕ್ತಿಯ ಮಾತಿಗೆ ಕುಣಿಯುವ ಸೇನೆ ನಾಗರಿಕ ಹಿಡಿತದಲ್ಲಿರುವ ಸೇನೆಯಲ್ಲ, ಅದು ಆ ವ್ಯಕ್ತಿಯ ಸೇನೆ.

ಪಕ್ಕದ ಪಾಕಿಸ್ತಾನದಲ್ಲಿ 1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಜಾ ಅವರು ಸಂವಿಧಾನವನ್ನು ಬದಿಗಿರಿಸಿ ಸೇನಾಡಳಿತ ಹೇರಿದರು. ಅದರ ಹೊಣೆಯನ್ನು ತಾವೇ ಸೇನಾ ಮುಖ್ಯಸ್ಥ ಅಯೂಬ್ ಖಾನ್ ಅವರಿಗೆ ಒಪ್ಪಿಸಿದರು. ಇಪ್ಪತ್ತು ದಿನ ಕಳೆದು, ಅಕ್ಟೋಬರ್ 27ರಂದು, ಅಯೂಬ್ ಅವರು ಮಿರ್ಜಾ ಅವರನ್ನೇ ಕೆಳಗಿಳಿಸಿದರು. ಇದಕ್ಕೆ ಎದುರಾಗಿ ದಕ್ಷಿಣ ಕೊರಿಯಾದ ಒಂದು ರಾತ್ರಿಯನ್ನು ಇರಿಸಿ ನೋಡಿ. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಸೈನಿಕರು ಸಂಸತ್ ಭವನದೊಳಕ್ಕೆ ನುಗ್ಗಿದರು. ಅಲ್ಲಿನ ಸಂವಿಧಾನದ 77ನೆಯ ವಿಧಿಯ ಪ್ರಕಾರ ಸಂಸತ್ತಿನ ಬಹುಮತ ಕೇಳಿದರೆ ಅಧ್ಯಕ್ಷರು ಸೇನಾಡಳಿತವನ್ನು ತೆಗೆಯಲೇಬೇಕು. ಸದಸ್ಯರಲ್ಲಿ ಕೆಲವರು ಬೇಲಿ ಹಾರಿ ಒಳಬಂದು, ನಸುಕಿಗೆ ಮುಂಚೆಯೇ 190 ಮಂದಿ ಒಮ್ಮತದಿಂದ ಮತ ಹಾಕಿದರು. ಬೆಳಗಾಗುವಷ್ಟರಲ್ಲಿ ಘೋಷಣೆ ಬಿದ್ದುಹೋಗಿತ್ತು. ಡಿಸೆಂಬರ್ 14ರಂದು ವಾಗ್ದಂಡನೆ, 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯದ ಸರ್ವಾನುಮತದ ತೀರ್ಪಿನಿಂದ ಪದಚ್ಯುತಿ. ಸಮವಸ್ತ್ರ ತೊಟ್ಟವರನ್ನು ಅಲ್ಲಿ ಹಾದಿ ತಪ್ಪಿಸಿದ್ದು ಸೂಟು ತೊಟ್ಟ ದಂಡನಾಯಕರೇ.

ನಮ್ಮಲ್ಲಿ ಎಲ್ಲವೂ ಸರಿಯಿದೆ ಎಂದು ಇದರಿಂದ ತಿಳಿಯಬಾರದು. ರಾಷ್ಟ್ರಪತಿಯವರು ಮೀರಿ ನಡೆದಾರು ಎಂಬ ಭಯ ಇಲ್ಲಿ ಅಷ್ಟಾಗಿ ಇಲ್ಲ. 61ನೆಯ ವಿಧಿಯ ವಾಗ್ದಂಡನೆಯನ್ನು ಇದುವರೆಗೆ ಬಳಸಬೇಕಾಗಿಯೇ ಬಂದಿಲ್ಲ. ನಿಜವಾದ ಪ್ರಶ್ನೆ ಸಲಹೆ ಕೊಡುವವರದ್ದು. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ತುರ್ತುಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದ್ದು ಪ್ರಧಾನಿಯೊಬ್ಬರ ಮಾತಿನ ಮೇಲೆ. ಸಂಪುಟಕ್ಕೆ ಗೊತ್ತಾದದ್ದು ಮರುದಿನ ಬೆಳಗ್ಗೆ. ಆ ತೂತನ್ನು ಮುಚ್ಚಲೆಂದೇ 44ನೆಯ ತಿದ್ದುಪಡಿಯು, ಸಂಪುಟದ ತೀರ್ಮಾನ ಲಿಖಿತವಾಗಿ ಬಾರದೆ ರಾಷ್ಟ್ರಪತಿಯವರು ತುರ್ತುಪರಿಸ್ಥಿತಿ ಘೋಷಿಸಕೂಡದು ಎಂದಿತು. ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಪದವನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬಿಗಿಗೊಳಿಸಿತು. ಆದರೆ ಸೇನೆಯನ್ನು ಹೊರದೇಶಕ್ಕೆ ಕಳುಹಿಸುವ ಮೊದಲು ಸಂಸತ್ತಿನ ಒಪ್ಪಿಗೆ ಬೇಕೆಂಬ ಮಾತು ನಮ್ಮ ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. 1987ರ ಜುಲೈ 29ರಂದು ಶ್ರೀಲಂಕಾದೊಂದಿಗೆ ಒಪ್ಪಂದವಾಗಿ ಮರುದಿನವೇ ನಮ್ಮ ಶಾಂತಿಪಾಲನಾ ಪಡೆ ಅಲ್ಲಿ ಇಳಿಯಿತು. 1990ರಲ್ಲಿ ಹಿಂದಿರುಗುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಮಡಿದಿದ್ದರು. ಸಂಸತ್ತಿನ ಕೈಯಲ್ಲಿರುವ ಗಟ್ಟಿಯಾದ ಕೀಲಿ ಹಣದ್ದು: 266ನೆಯ ವಿಧಿಯಂತೆ, ಕಾನೂನಿನ ಪ್ರಕಾರವಲ್ಲದೆ ಸಂಚಿತ ನಿಧಿಯಿಂದ ಒಂದು ಪೈಸೆಯೂ ಹೊರಬರುವಂತಿಲ್ಲ. ಆದರೆ ರಕ್ಷಣಾ ಇಲಾಖೆಯ ಬೇಡಿಕೆಗಳು ಎಷ್ಟೋ ವರ್ಷ ಚರ್ಚೆಯೇ ಇಲ್ಲದೆ ಗಿಲೋಟಿನ್‌ನಲ್ಲಿ (ಸಮಯ ಮುಗಿಯಿತೆಂದು ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ ಕ್ರಮದಲ್ಲಿ) ಪಾಸಾಗುತ್ತವೆ. 2018ರಲ್ಲಂತೂ ಇಡೀ ಬಜೆಟ್ಟೇ ಲೋಕಸಭೆಯಲ್ಲಿ ಹಾಗೆ ಪಾಸಾಯಿತು. ಕೀಲಿ ಇಟ್ಟುಕೊಂಡವರೇ ಬೀಗವನ್ನು ನೋಡದಿದ್ದರೆ ಅದಕ್ಕೆ ರಾಷ್ಟ್ರಪತಿಯವರ ಕೈ ಬಿಚ್ಚುವುದು ಪರಿಹಾರವಲ್ಲ. ವೇಗದ ಚಿಂತೆಯಿದ್ದರೆ, ಅದು ಈಗಿನ ವ್ಯವಸ್ಥೆಯಲ್ಲಿಯೇ ಇದೆ: 2003ರಲ್ಲಿ ಪ್ರಕಟವಾದ ಅಣ್ವಸ್ತ್ರ ಪ್ರಾಧಿಕಾರದ ರಚನೆಯಲ್ಲಿ ತೀರ್ಮಾನ ಪ್ರಧಾನಿಯವರ ಅಧ್ಯಕ್ಷತೆಯ ರಾಜಕೀಯ ಮಂಡಳಿಯದ್ದು, ರಾಷ್ಟ್ರಪತಿಯವರದ್ದಲ್ಲ.

ಕೊನೆಯದಾಗಿ ನಿಮ್ಮ ಸೋದರಳಿಯನ ಪ್ರಮಾಣ. ಅದರ ಮೊದಲ ಭಾಗ ನಿಮ್ಮ ಪತ್ರದಲ್ಲಿ ಬಿಟ್ಟುಹೋಗಿದೆ. ಕಾನೂನಿನಿಂದ ಸ್ಥಾಪಿತವಾದ ಭಾರತದ ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ ಎಂಬುದು ಮೊದಲು. ನೆಲ, ಜಲ, ಆಕಾಶ ಎಲ್ಲಿಗೆ ಕಳುಹಿಸಿದರೂ ಹೋಗುತ್ತೇನೆ ಎಂಬುದು ಆಮೇಲೆ. ರಾಷ್ಟ್ರಪತಿಯವರ ಮತ್ತು ತನ್ನ ಮೇಲಿನ ಅಧಿಕಾರಿಗಳ ಆಜ್ಞೆಗಳ ಮಾತು ಅದರ ನಂತರ. ಆಜ್ಞೆ ಮೀರಿದವರಿಗೆ ಶಿಕ್ಷೆ ವಿಧಿಸುವ ಭೂಸೇನಾ ಕಾಯಿದೆಯ 41ನೆಯ ಪ್ರಕರಣ ಕೂಡ ‘ಕಾನೂನುಬದ್ಧ ಆಜ್ಞೆ’ ಎಂದೇ ಹೇಳುತ್ತದೆ. ರಾಷ್ಟ್ರಪತಿ ಭವನದಿಂದ ಅವನಿಗೆ ಎಂದೂ ಆಜ್ಞೆ ಬರುವುದಿಲ್ಲ, ಅವನ ಹವಾಲ್ದಾರರಿಂದ ದಿನಕ್ಕೆ ಇಪ್ಪತ್ತು ಬಂದೀತು. ನಮ್ಮ ಜಿಲ್ಲೆಯಲ್ಲಿ ಗುಂಪು ಚದುರಿಸಲು ಸೈನಿಕರು ಬರಬೇಕಾದ ದಿನ ಬಂದರೂ (ಬಾರದಿರಲಿ), 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 149ನೆಯ ಪ್ರಕರಣದಂತೆ ಅವರನ್ನು ಕೋರಬೇಕಾದವರು ಮಣಿಪಾಲದ ಜಿಲ್ಲಾ ಕಚೇರಿ ರಜತಾದ್ರಿಯಲ್ಲಿ ಕುಳಿತಿರುವ ಜಿಲ್ಲಾ ದಂಡಾಧಿಕಾರಿ (ಮ್ಯಾಜಿಸ್ಟ್ರೇಟ್) ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿ. ಕೋರಿಕೆ ಬಂದ ಮೇಲೆ ಅದನ್ನು ಹೇಗೆ ನೆರವೇರಿಸಬೇಕೆಂಬುದು ಪಡೆಯ ಅಧಿಕಾರಿಗೆ ಬಿಟ್ಟದ್ದು, ಆದರೆ ಬಳಸುವ ಬಲವೂ ಜನರಿಗೆ, ಆಸ್ತಿಗೆ ಆಗುವ ಹಾನಿಯೂ ಸಾಧ್ಯವಾದಷ್ಟು ಕಡಿಮೆಯಿರಬೇಕೆಂದು ಅದೇ ಪ್ರಕರಣ ಹೇಳುತ್ತದೆ.